ಕಾವಕ್ಕ ಮತ್ತು ತೊಂಬತ್ತಮೂರರಲ್ಲಿ ನಿಂತ ಬ್ಯಾಟರಿ

ಹೆಸರು ಕಾವಕ್ಕ. ವಯಸ್ಸು, ಇಲ್ಲಿ ಹೇಳಹೊರಟಿರುವ ಸಂಗತಿ ನಡೆದಾಗ, ಅರವತ್ತಮೂರು. ಗಂಡ ಬಡಗಿ. ಒಬ್ಬನೇ ಮಗ ಲಾರಿ ಚಾಲಕ. ವಾರದಲ್ಲಿ ಎರಡು ದಿನ ಮನೆಯ ಊಟ, ಐದು ದಿನ ರಸ್ತೆಯ ಊಟ. ಸೊಸೆ ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸಿ ಗಾಜಿನ ಅಳತೆ ಬರೆದುಕೊಡುವವಳು. ಕಾಗದಪತ್ರಗಳಲ್ಲಿ ಕಾವಕ್ಕನಿಗೆ ಬೇರೊಂದು ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಪಕ್ಕದ ಮನೆಯವರನ್ನು ಕರೆಯುತ್ತಿದ್ದಾರೆಂದು ತಿಳಿದು ಅವರು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಊರವರ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿಕೊಡುವುದೇ ಕಸುಬಾಗಿದ್ದವರಿಗೆ ಬೀದಿ ಇಟ್ಟ ಹೆಸರೇ ಮೈಗಂಟಿಕೊಂಡಿತ್ತು.

ಆರಂಭದಲ್ಲಿ ಅವರು ಕೋಳಿಗಳನ್ನೇ ಕಾವಿಗೆ ಕೂರಿಸುತ್ತಿದ್ದರು. ಕೋಳಿ ಮನಸ್ಸು ಬಂದರೆ ಕೂರುತ್ತದೆ, ಬೇಸರವಾದರೆ ಎದ್ದುಹೋಗುತ್ತದೆ. ಇಂಥ ದಿನ ಮರಿ ಕೊಡುತ್ತೇನೆಂದು ಮಾತು ಕೊಟ್ಟವರು ಮಾತ್ರ ಕಾವಕ್ಕ. "ಕೋಳಿ ಕೇಳ್ಕೊಂಡು ಮಸಾಲೆ ಅರೆಯೋಕಾಗುತ್ತಾ?" ಎಂದು ಅವರು ಗಂಡನಿಂದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಮೊದಲು ಅದರೊಳಗೆ ಸೀಮೆಎಣ್ಣೆಯ ದೀಪ ಉರಿಯಿತು, ಆಮೇಲೆ ಬಲ್ಬು, ಆಮೇಲೆ ಶಾಖವನ್ನು ತಾನೇ ಅಳೆದು ಏರಿಸಿ ಇಳಿಸುವ ಯಂತ್ರ ಬಂತು. ಪೆಟ್ಟಿಗೆಯೂ ಬೆಳೆದು ಆಳೆತ್ತರವಾಯಿತು. ಎರಡು ಪದರ ಹಲಗೆ, ನಡುವೆ ಒತ್ತಿ ತುಂಬಿದ ಮರದ ಹೊಟ್ಟು, ಒಳಗೆ ಐದು ತಟ್ಟೆ, ಎದೆಮಟ್ಟದಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ನಡುಮನೆಯ ಪಕ್ಕದ ಕೋಣೆಯಲ್ಲಿ ಅದೊಂದೇ ಇತ್ತು; ಅದರ ಎದುರಿಗೆ ಒಂದು ಕುರ್ಚಿ.

ಕಸುಬಿನ ಆರನೆಯ ವರ್ಷದಲ್ಲಿ ಅವರು ಒಂದು ಪಾಠ ಕಲಿತಿದ್ದರು. ಇಪ್ಪತ್ತೊಂದು ದಿನದ ಕಾವಿನಲ್ಲಿ ಇಪ್ಪತ್ತನೆಯ ದಿನ, ಬಂದ ನೆಂಟರಿಗೆ ತೋರಿಸುವ ಉಮೇದಿನಲ್ಲಿ ಮೂರು ಬಾರಿ ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗಿನ ತೇವ ಹಾರಿಹೋಗಿ, ಚಿಪ್ಪಿನೊಳಗಿನ ಪೊರೆ ಒಣಗಿ ಬಿಗಿದು, ತೊಂಬತ್ತು ಮರಿಗಳು ಹೊರಬರಲಾರದೆ ಅಲ್ಲೇ ಉಳಿದವು. ನೆಂಟರು ಉಂಡು ಹೋದರು. ಕಾವಕ್ಕ ಮೂರು ದಿನ ಉಣ್ಣಲಿಲ್ಲ. ಅಂದಿನಿಂದ ಆ ಮನೆಯ ಕಟ್ಟಳೆ ಒಂದೇ: ಹದಿನೆಂಟನೆಯ ದಿನದ ನಂತರ ಬಾಗಿಲು ಮುಟ್ಟುವಂತಿಲ್ಲ. ಚಿಪ್ಪು ಬಿರುಕು ಬಿಟ್ಟ ಮರಿ ಒದ್ದಾಡುವುದು ಕಿಂಡಿಯಲ್ಲಿ ಕಂಡರೂ ಕೈ ಕಟ್ಟಿಕೊಂಡು ಕೂರಬೇಕು. ನೆರವಾಗಲು ಹೋದ ಕೈಯೇ ಮರಿಯನ್ನು ಕೊಲ್ಲುತ್ತದೆ.

ಆ ಕಟ್ಟಳೆ ಪೆಟ್ಟಿಗೆಯೊಳಗೇ ನಿಂತಿದ್ದರೆ ಚೆನ್ನಾಗಿತ್ತು. ಅದು ನಿಧಾನವಾಗಿ ಮನೆಯನ್ನೆಲ್ಲ ಹಬ್ಬಿತು. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿತ್ತು, "ಓಡ್ತಿದೆ, ಮುಟ್ಟಬೇಡಿ." ನಲ್ಲಿಯನ್ನು ಇನ್ನೂ ಅರೆಸುತ್ತು ಹೆಚ್ಚು ತಿರುಗಿಸಿದರೆ ಮಾತ್ರ ನೀರು ನಿಲ್ಲುತ್ತಿತ್ತು, "ನಿಲ್ತಿದೆಯಲ್ಲ, ಮುಟ್ಟಬೇಡಿ." ತಾವು ಕಷ್ಟದಿಂದ ಕಲಿತ ಒಂದು ಪಾಠವನ್ನು ಎಲ್ಲ ಬಾಗಿಲುಗಳಿಗೂ ಬೀಗದಂತೆ ಹಾಕುವುದು ಸ್ವಾಭಿಮಾನಿಗಳ ದೌರ್ಬಲ್ಯ. ಕಾವಕ್ಕ ಸ್ವಾಭಿಮಾನಿಗಳು.

ಈ ಸಂಗತಿಗೆ ನಾಲ್ಕು ವರ್ಷ ಮುಂಚೆ ಚಾವಣಿಯ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳು ಬಂದವು, ಮನೆಯೊಳಗಿನ ಓಣಿಯ ಗೋಡೆಯ ಮೇಲೆ ಸೂಟ್‌ಕೇಸಿನಷ್ಟು ದೊಡ್ಡ ಬಿಳಿ ಬ್ಯಾಟರಿ ಬಂತು. ಕರೆಂಟು ಹೋದಾಗ ಪೆಟ್ಟಿಗೆಯನ್ನು ಬೆಚ್ಚಗಿಡುವುದು ಅದರ ಕೆಲಸ. ಎಷ್ಟು ತುಂಬಿದೆಯೆಂಬುದನ್ನು ಸೊಸೆಯ ಫೋನಿನಲ್ಲಿ ನೂರಕ್ಕೆ ಇಷ್ಟೆಂದು ಅದು ತೋರಿಸುತ್ತಿತ್ತು. ಎರಡು ವರ್ಷ ನಿಯತ್ತಾಗಿ ನಡೆದ ಬ್ಯಾಟರಿ ಮೂರನೆಯ ವರ್ಷ ಸುಳ್ಳು ಹೇಳಲು ಕಲಿಯಿತು. ನೂರು, ತೊಂಬತ್ತು, ಎಪ್ಪತ್ತು ಎಂದು ಇಳಿಯುತ್ತ ಬಂದು, ನಲವತ್ತರ ಸುಮಾರಿಗೆ ಒಮ್ಮೆಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಎರಡು ಸಲ ಹಾಗಾಯಿತು. ಎರಡು ಸಲವೂ ಕಾಲು ಗಂಟೆಯೊಳಗೆ ಬೀದಿಯ ಕರೆಂಟು ಬಂದದ್ದರಿಂದ ಮೊಟ್ಟೆಗಳು ಉಳಿದವು.

ಮನೆಯವರು ಅದಕ್ಕೂ ಹೊಂದಿಕೊಂಡರು. ಐವತ್ತೆಂದು ಕಂಡರೆ ಹತ್ತು ಎಂದು ತಿಳಿಯಬೇಕು. ಅರವತ್ತಕ್ಕೆ ಫ್ಯಾನು, ದೀಪ, ಪಂಪು ಎಲ್ಲ ಆರಿಸಬೇಕು. ಲಾರಿಯಿಂದ ಇಳಿದುಬಂದ ಮಗ ಕೂಡ ಚಪ್ಪಲಿ ಬಿಡುವ ಮೊದಲು "ಎಷ್ಟಿದೆ? ಅದರಲ್ಲಿ ನಲವತ್ತು ಕಳೆದು ಹೇಳಿ" ಎನ್ನುತ್ತಿದ್ದ.

ಸೊಸೆಯ ಫೋನಿನಲ್ಲಿ ಬ್ಯಾಟರಿ ಕಂಪನಿಯ ಸೂಚನೆಯೊಂದು ಹದಿನಾಲ್ಕು ತಿಂಗಳಿಂದ ಕುಳಿತಿತ್ತು. ಬ್ಯಾಟರಿಯ ಹೊಟ್ಟೆಯಲ್ಲಿದ್ದು ಅದನ್ನು ನಡೆಸುವ ಫರ್ಮ್‌ವೇರ್ ಎಂಬ ಬರಹಕ್ಕೆ ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ, ಎಂದು ಅದು ಹೇಳುತ್ತಿತ್ತು.

"ಹಾಕೋಣ್ವಾ ಅತ್ತೆ?" ಎಂದು ಅವಳು ತಿಂಗಳಿಗೊಮ್ಮೆ ಕೇಳುತ್ತಿದ್ದಳು.

"ಓಡ್ತಿದೆಯಲ್ಲ."

"ಸುಳ್ಳು ಹೇಳ್ಕೊಂಡು ಓಡ್ತಿದೆ."

"ಸುಳ್ಳು ಅಂತ ನಮಗೆ ಗೊತ್ತಲ್ಲ. ಗೊತ್ತಿರೋ ಸುಳ್ಳು ವಾಸಿ ಕಣಮ್ಮ, ಗೊತ್ತಿಲ್ದಿರೋ ನಿಜಕ್ಕಿಂತ."

ಇದಕ್ಕೆ ಪುಷ್ಟಿ ಕೊಡಲು ಎದುರುಮನೆಯ ದರ್ಜಿ ಇದ್ದ. ಅವನ ಮನೆಯಲ್ಲೂ ಅದೇ ಬ್ಯಾಟರಿ. ಹಿಂದಿನ ವರ್ಷ ಅಪ್‌ಡೇಟ್ ಹಾಕಿಕೊಂಡದ್ದೇ ತಡ, ಅದು ನಾಲ್ಕು ದಿನ ಹೆಣದ ಹಾಗೆ ಬಿದ್ದಿತ್ತು. ಬ್ಯಾಟರಿ ಅಂಗಡಿಯ ಮೆಕ್ಯಾನಿಕ್ ಬಂದು ಬಿಚ್ಚಿ ಎಬ್ಬಿಸಬೇಕಾಯಿತು. "ಚೆನ್ನಾಗಿದ್ದ ಬ್ಯಾಟರಿ ಅಕ್ಕ, ಅಪ್‌ಡೇಟ್ ಹಾಕಿ ಕೊಂದೆ" ಎಂದು ಅವನು ಕಾಲರು ಹಿಡಿದು ಅಳತೆ ತೆಗೆಯುವಾಗಲೂ ಜನಕ್ಕೆ ಹೇಳುತ್ತಿದ್ದ. ಬೀದಿಯಲ್ಲಿ ಆರು ಮನೆಗಳಲ್ಲಿ ಅಂಥ ಬ್ಯಾಟರಿ ಇತ್ತು. ಐದು ಮನೆಯವರು ದರ್ಜಿಯ ಕಥೆ ಕೇಳಿ ಅಪ್‌ಡೇಟಿನ ಹೆಸರೆತ್ತಲಿಲ್ಲ.

ಹೀಗಿರುವಾಗ ಹಾಲು ಮಾರುವ ಹೆಂಗಸು ಎಂಬತ್ತು ಮೊಟ್ಟೆ ತಂದು ಕಾವಕ್ಕನಿಗೆ ಒಪ್ಪಿಸಿದಳು. ಅವಳ ಕೋಳಿಗಳು ಬೋಳು ಕತ್ತಿನವು, ಅವಳ ತಾಯಿಯ ಕಾಲದಿಂದ ಅದೇ ಹಿತ್ತಿಲಲ್ಲಿ ಬೆಳೆದ ತಳಿ. ಕಾವಕ್ಕ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ತಾರೀಖು ಬರೆದು ತಟ್ಟೆಗೇರಿಸಿದರು. ಬೇರೆ ಮೂರು ಮನೆಯವರ ಮೊಟ್ಟೆಗಳೂ ಆ ಕಂತಿನಲ್ಲಿದ್ದವು. ಮೂರು ದಿನ ಕಳೆದಿರಬಹುದು. ಬೀದಿನಾಯಿಗಳು ಹಾಲಿನವಳ ಗೂಡಿನ ಬಲೆ ಹರಿದು ನುಗ್ಗಿ ಹುಂಜವೂ ಸೇರಿ ಎಲ್ಲ ಕೋಳಿಗಳನ್ನು ಮುಗಿಸಿದವು.

ಅವಳು ಬಂದು ಪೆಟ್ಟಿಗೆಯ ಎದುರು ಕುರ್ಚಿಯಲ್ಲಿ ಕುಳಿತಳು. ಅಳಲಿಲ್ಲ.

"ಇನ್ನು ಇದ್ರೊಳಗಿರೋದಷ್ಟೇ ಅಕ್ಕ. ಇದು ಹೋದ್ರೆ ಅಮ್ಮನ ಕಾಲದ್ದು ಅಂತ ಒಂದು ಪುಕ್ಕಾನೂ ಇಲ್ಲ."

"ಇಪ್ಪತ್ತೊಂದನೇ ದಿನ ಬಾ, ಬುಟ್ಟಿ ತಗೊಂಡು ಬಾ" ಎಂದರು ಕಾವಕ್ಕ. ಅವರು ಯಾರಿಗೂ ಎರಡನೆಯ ಸಲ ಮಾತು ಕೊಟ್ಟವರಲ್ಲ. ಒಂದೇ ಸಲ ಸಾಕಾಗುತ್ತಿತ್ತು.

ಏಳನೆಯ ದಿನ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಾಗ ಹಾಲಿನವಳ ಎಂಬತ್ತರಲ್ಲಿ ಅರವತ್ತೆಂಟರೊಳಗೆ ಜೀವದ ಕೆಂಪು ಎಳೆಗಳು ಕಂಡವು. ಹದಿನೈದನೆಯ ದಿನ, ಭಾನುವಾರ, ವಿದ್ಯುತ್ ಕಚೇರಿಯವರು ಬೀದಿಯ ಕಂಬಕ್ಕೆ ಕಾಗದ ಅಂಟಿಸಿ ಹೋದರು: ಹಳೆಯ ಕೇಬಲ್ ಬದಲಿಸುವ ಸಲುವಾಗಿ ಗುರುವಾರ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಕರೆಂಟು ಇರುವುದಿಲ್ಲ. ಗುರುವಾರವೆಂದರೆ ಹತ್ತೊಂಬತ್ತನೆಯ ದಿನ.

ಒಟ್ಟು ಒಂಬತ್ತು ಗಂಟೆಗಳ ಕಾಲ. ಮೋಡ ಮುಚ್ಚುವ ಕಾಲ. ಚಾವಣಿಯ ಫಲಕಗಳನ್ನು ನೆಚ್ಚುವಂತಿಲ್ಲ. ಬ್ಯಾಟರಿ ನಲವತ್ತಕ್ಕೆ ಮಲಗಿದರೆ ಆರು ಗಂಟೆಯೊಳಗೆ ಕಥೆ ಮುಗಿಯಿತು. ಬಿಸಿನೀರು ತುಂಬಿದ ಬಾಟಲಿಗಳನ್ನು ಒಳಗಿಟ್ಟು ಶಾಖ ಉಳಿಸಬಹುದಾದರೂ ಅದಕ್ಕೆ ಬಾಗಿಲು ತೆಗೆಯಬೇಕು, ಪದೇ ಪದೇ ತೆಗೆಯಬೇಕು. ಹತ್ತೊಂಬತ್ತನೆಯ ದಿನ ಹಾಗೆ ಮಾಡಿದರೆ ಏನಾಗುತ್ತದೆಂದು ಕಾವಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇತ್ತ ಅಪ್‌ಡೇಟ್ ಹಾಕಿ ದರ್ಜಿಯ ಗತಿ ಬಂದರೆ, ಇರುವ ಆರು ಗಂಟೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಸೊಸೆ ಆ ಸೂಚನೆಯನ್ನು ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಪೂರ್ತಿ ಓದಿ ಹೇಳಿದಳು.

"ಇದರೊಳಗೆ ಹದಿನಾರು ಸೆಲ್ ಇದೆಯಂತೆ ಅತ್ತೆ. ಅದರಲ್ಲಿ ಒಂದು ಮೊದಲೇ ಸುಸ್ತಾದ್ರೆ, ಬಾಕಿ ಹದಿನೈದಕ್ಕೆ ಶಕ್ತಿ ಇದ್ರೂ ಬ್ಯಾಟರಿ ಮಲಗಿಬಿಡುತ್ತೆ. ಹೊಸದು ಹಾಕಿದ್ರೆ ಹದಿನಾರನ್ನೂ ಸಮ ಮಾಡ್ಕೊಂಡು ಹೋಗುತ್ತೆ. ನೀವು ತಟ್ಟೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಬದಲಾಯಿಸ್ತೀರಲ್ಲ, ಎಲ್ಲ ಮೊಟ್ಟೆಗೂ ಒಂದೇ ಕಾವು ಸಿಗಲಿ ಅಂತ, ಹಾಗೆ."

ಕಾವಕ್ಕ ತುತ್ತು ನಿಲ್ಲಿಸಿದರು. "ಹಾಗಂತ ಅವರು ಬರೆದಿದಾರಾ, ನೀನು ಹೇಳ್ತಿದೀಯಾ?"

"ತಟ್ಟೆ ಮಾತು ನಂದು. ಉಳಿದದ್ದು ಅವರದು."

"ಬರೆದೋರು ನಮ್ಮ ಗೋಡೆ ಮೇಲಿರೋದನ್ನ ನೋಡಿದಾರಾ?"

"ನಾನು ಕನ್ನಡಕದ ಗಾಜು ಬರೆದುಕೊಡುವಾಗ ಬಂದವರ ಮನೆ ದೀಪ ನೋಡಿರ್ತೀನಾ? ಕಣ್ಣು ನೋಡಿರ್ತೀನಿ. ನಿಮ್ಮ ಕನ್ನಡಕಾನೂ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ತೀವಲ್ಲ ಅತ್ತೆ. ಹಳೇದರಲ್ಲೂ ಕಾಣಿಸ್ತಿತ್ತು, ಆದ್ರೂ ಬದಲಾಯಿಸಿದ್ವಿ."

ಬಡಗಿ ಉಪ್ಪಿನ ಡಬ್ಬಿಯನ್ನು ಅನವಶ್ಯಕವಾಗಿ ಸರಿಸಿದರು. ಮನೆಯ ಇಬ್ಬರು ಹೆಂಗಸರು ಮಾತಿಗೆ ನಿಂತಾಗ ಅವರು ತಟ್ಟೆಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. "ದರ್ಜೀದು ಏನಾಯ್ತು ಅಂತ ಸರಿಯಾಗಿ ಕೇಳಿದೀರಾ ಯಾರಾದ್ರೂ?" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಯಾರೂ ಕೇಳಿರಲಿಲ್ಲ. ದರ್ಜಿ ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು, ಅಷ್ಟೆ. ಮೂವತ್ತೊಂದು ವರ್ಷ ಒಂದು ಮೊಟ್ಟೆಯನ್ನೂ ಬರಿಯ ಚಿಪ್ಪು ನೋಡಿ ನಂಬದೆ ಬೆಳಕಿಗೆ ಹಿಡಿದಿದ್ದ ಹೆಂಗಸು, ಈ ಒಂದು ಮಾತನ್ನು ಮಾತ್ರ ಹಾಗೆಯೇ ಒಪ್ಪಿಕೊಂಡುಬಿಟ್ಟಿದ್ದರು. ತಮಗೆ ಬೇಕಾದ ಮಾತಾಗಿದ್ದರಿಂದ. ಇದು ಅವರಿಗೆ ತಟ್ಟೆಯ ಮುಂದೆಯೇ ಹೊಳೆಯಿತು, ಹೊಳೆದದ್ದು ಹಿತವಾಗಲಿಲ್ಲ. ಅವರು ಚಪ್ಪಲಿ ಮೆಟ್ಟಿ ಬೀದಿ ದಾಟಿದರು.

ದರ್ಜಿ ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿ ಕುಳಿತಿದ್ದ. ಅವನ ಹೆಂಡತಿ ಹಿಂದೆ ಗುಂಡಿ ಹಚ್ಚುತ್ತಿದ್ದಳು.

"ತಮ್ಮ, ನಿನ್ನ ಬ್ಯಾಟರಿ ಸತ್ತ ದಿನ ಏನೇನಾಯ್ತು? ಮೊದಲಿಂದ ಹೇಳು. ಅವಸರ ಇಲ್ಲ."

ಅವನು ಸೂಜಿ ತೆಗೆದ. "ಹೇಳಿದೀನಲ್ಲ ಅಕ್ಕ. ಅಪ್‌ಡೇಟ್ ಹಾಕ್ದೆ, ಹೋಯ್ತು."

"ಹಾಕ್ದೆ, ಹೋಯ್ತು. ನಡುವೆ?"

"ನಡುವೇನು... ಶುರುವಾಯ್ತು. ಹತ್ತು, ಇಪ್ಪತ್ತು ಅಂತ ಏರ್ತಾ ಹೋಯ್ತು. ತೊಂಬತ್ತರ ಹತ್ರ ನಿಂತ್ಕೊಂಡ್ತು. ಕೆಂಪು ದೀಪ ಮಿಣುಕೋಕೆ ಶುರು ಮಾಡ್ತು."

"ಆಮೇಲೆ?"

"ಆಮೇಲೆ ಹೋಯ್ತು."

"ಕೆಂಪು ಮಿಣುಕಿದ್ದಕ್ಕೂ ಹೋದದ್ದಕ್ಕೂ ನಡುವೆ ತಮ್ಮ?"

ದರ್ಜಿ ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಹಿಂದಿನಿಂದ ಅವನ ಹೆಂಡತಿ ದಾರ ಕಚ್ಚಿ ಹರಿದು, ತಲೆಯೆತ್ತದೆ ಹೇಳಿದಳು:

"ಕಾಲು ತೆಗೆದ್ರು."

"ಏಯ್, ಸುಮ್ನಿರೇ!"

"ಎಷ್ಟು ದಿನ ಸುಮ್ನಿರ್ಲಿ? ಅಕ್ಕ, ಹೊಲಿಗೇಲಿ ಇವರದ್ದೊಂದು ಅಭ್ಯಾಸ. ಮಿಷಿನ್ ಸದ್ದು ಒಂಚೂರು ಬದಲಾದ್ರೆ ಸಾಕು, ಪೆಡಲಿಂದ ಕಾಲು ತೆಗೀತಾರೆ. ಇಲ್ಲಾಂದ್ರೆ ಸೂಜಿ ಮುರಿಯುತ್ತೆ, ಬಟ್ಟೆ ಹರಿಯುತ್ತೆ. ನಲವತ್ತು ವರ್ಷದ ಅಭ್ಯಾಸ. ಅವತ್ತೂ ಕೆಂಪು ದೀಪ ಕಂಡ ತಕ್ಷಣ ಓಡಿಹೋಗಿ ದೊಡ್ಡ ಸ್ವಿಚ್ ಕಿತ್ತುಬಿಟ್ರು."

"ಸುಟ್ಟುಹೋಗುತ್ತೆ ಅಂತ ಹೆದರಿದೆ ಅಕ್ಕ" ಎಂದ ದರ್ಜಿ. ಅವನ ಕಿವಿ ಕೆಂಪಾಗಿತ್ತು. "ಆಮೇಲೆ ಆ ಮೆಕ್ಯಾನಿಕ್ ಬಂದು ನಿಮ್ಮ ಕೈಯೇ ಕೊಂದದ್ದು ಅಂದ. ಅದನ್ನ ಯಾರಿಗೆ ಹೇಳ್ಲಿ? ಬೀದಿಗೆಲ್ಲ ಅಷ್ಟೊತ್ತಿಗೆ ಹೇಳಿ ಆಗಿತ್ತು."

ಕಾವಕ್ಕ ನಗಲಿಲ್ಲ. ಬೇರೆ ಯಾರಾದರೂ ನಗುತ್ತಿದ್ದರು. ಇಪ್ಪತ್ತನೆಯ ದಿನ ಮೂರು ಸಲ ಬಾಗಿಲು ತೆಗೆದವರಿಗೆ ಆ ಕೆಂಪು ಕಿವಿಯ ಬಿಸಿ ಗೊತ್ತಿತ್ತು. "ಒಳ್ಳೇ ಅಭ್ಯಾಸ ತಮ್ಮ" ಎಂದರು. "ಜಾಗ ತಪ್ಪಿತು, ಅಷ್ಟೇ." ಬೀದಿ ದಾಟಿ ಹಿಂದಿರುಗುವಾಗ ಆ ಮಾತು ತಮ್ಮ ಬೆನ್ನಿಗೇ ಬಂದು ಬಡಿದಂತೆ ಅವರಿಗೆ ಅನ್ನಿಸಿತು. ಮುಟ್ಟಬೇಡಿ ಎಂಬ ತಮ್ಮ ಕಟ್ಟಳೆಯೂ ಒಳ್ಳೆಯದೇ. ಕೊನೆಯ ಮೂರು ದಿನಕ್ಕೆ. ಅದಕ್ಕೆ ಮುಂಚಿನ ಹದಿನೆಂಟು ದಿನ ಅವರು ಸುಮ್ಮನೆ ಕೂತಿರುತ್ತಿದ್ದರೇ? ದಿನಕ್ಕೆ ನಾಲ್ಕು ಬಾರಿ ಮೊಟ್ಟೆ ಹೊರಳಿಸುತ್ತಿದ್ದರು, ತಟ್ಟೆ ಬದಲಿಸುತ್ತಿದ್ದರು, ನೀರು ತುಂಬುತ್ತಿದ್ದರು, ಜೀವವಿಲ್ಲದ್ದನ್ನು ಆರಿಸಿ ತೆಗೆಯುತ್ತಿದ್ದರು. ಮುಟ್ಟಬೇಕಾದ ದಿನಗಳಲ್ಲಿ ಮುಟ್ಟದೆ ಬಿಟ್ಟ ಮೊಟ್ಟೆಯೂ ಕೊಳೆಯುತ್ತದೆ. ಹದಿನಾಲ್ಕು ತಿಂಗಳು ಅವರು ಆ ಬ್ಯಾಟರಿಯನ್ನು ಹೊರಳಿಸದೆ ಬಿಟ್ಟಿದ್ದರು.

ಮನೆಗೆ ಬಂದವರೇ ಸೊಸೆಗೆ ಹೇಳಿದರು: "ನಾಳೆ ಹಾಕೋಣ. ಅಂಗಡಿಯವನಿಗೆ ಫೋನ್ ಮಾಡು, ಸ್ಪೀಕರ್ ಹಾಕು, ನಾನೂ ಕೇಳ್ತೀನಿ."

ಸೊಸೆ ಗೆದ್ದ ಮುಖ ಮಾಡಲಿಲ್ಲ. ಜಾಣೆ.

ಬ್ಯಾಟರಿ ಹಾಕಿಕೊಟ್ಟಿದ್ದ ಅಂಗಡಿಯವನು ಅರ್ಧ ಗಂಟೆ ಉತ್ತರ ಹೇಳಬೇಕಾಯಿತು. ಅರ್ಧ ತುಂಬಿರುವಾಗಲೂ ಹಾಕಬಹುದೇ, ಪೂರ್ತಿ ತುಂಬಿರಬೇಕೇ? ಬೀದಿಯ ಕರೆಂಟು ಇರಬೇಕೇ? ಎಷ್ಟು ಹೊತ್ತು? ಕೆಂಪು ಮಿಣುಕಿದರೆ ಎಷ್ಟು ಹೊತ್ತು ಮಿಣುಕಬಹುದು? "ಅಮ್ಮಾ, ಇಷ್ಟು ಪ್ರಶ್ನೆ ನನಗೆ ಟ್ರೇನಿಂಗಲ್ಲೂ ಕೇಳಿರಲಿಲ್ಲ" ಎಂದ ಅವನು. "ಕೆಂಪು ಮಿಣುಕ್ತಿದೆ ಅಂದ್ರೆ ಒಳಗೆ ಬರೀತಿದೆ ಅಂತ. ಇಪ್ಪತ್ತು ನಿಮಿಷ ಆಗಬಹುದು, ನಲವತ್ತೂ ಆಗಬಹುದು. ಆಗ ಮಾತ್ರ ಯಾರೂ ಸ್ವಿಚ್ ಮುಟ್ಟಬಾರದು." ಒಂದು ವೇಳೆ ಎಡವಟ್ಟಾದರೆ ಬುಧವಾರದೊಳಗೆ ಬಂದು ಸರಿಮಾಡುತ್ತೇನೆಂದು ಕಾವಕ್ಕ ಅವನ ಬಾಯಲ್ಲಿ ಎರಡು ಸಲ ಹೇಳಿಸಿದರು.

ಸೋಮವಾರ, ಹದಿನಾರನೆಯ ದಿನ. ಬೆಳಗ್ಗೆ ಹತ್ತಕ್ಕೆ ಬಡಗಿ ಅಡುಗೆಮನೆಯ ಪ್ಲಗ್ಗಿನಿಂದ ಉದ್ದ ವೈರು ಎಳೆದು ಪೆಟ್ಟಿಗೆಯನ್ನು ನೇರ ಬೀದಿಯ ಕರೆಂಟಿಗೆ ಕೊಟ್ಟರು. ಹಾಗಾಗಿ ಬ್ಯಾಟರಿ ಸತ್ತರೂ ಅಂದು ಮೊಟ್ಟೆಗಳಿಗೆ ಆಗುವುದೇನಿಲ್ಲ. ಸೊಸೆ ಅರ್ಧ ದಿನ ರಜೆ ಹಾಕಿದ್ದಳು. ದರ್ಜಿ ಕರೆಯದೆ ಬಂದ. ಕಾವಕ್ಕ ಅವನಿಗೊಂದು ಸ್ಟೂಲು ತೋರಿಸಿ, "ಕೂತ್ಕೋ. ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ" ಎಂದರು. ಅವನು ಹಾಗೆಯೇ ಕುಳಿತ.

ಸೊಸೆ ಫೋನಿನ ಮೇಲೆ ಬೆರಳಿಟ್ಟಳು. "ಒತ್ತಲಾ?"

"ಒತ್ತು."

ಹತ್ತು, ಇಪ್ಪತ್ತೈದು, ಐವತ್ತು. ಬ್ಯಾಟರಿಯ ಹಸಿರು ದೀಪ ಆರಿತು. ಎಪ್ಪತ್ತು, ಎಂಬತ್ತೆಂಟು. ತೊಂಬತ್ತಮೂರಕ್ಕೆ ಬಂದು ಸಂಖ್ಯೆ ನಿಂತಿತು. ಕೆಂಪು ದೀಪ ಮಿಣುಕತೊಡಗಿತು.

ಐದು ನಿಮಿಷ. ದರ್ಜಿಯ ಬಲಗಾಲು ನೆಲದ ಮೇಲೆ ತಾನಾಗಿಯೇ ಎತ್ತಿ ಇಳಿಯುತ್ತಿತ್ತು. ಹತ್ತು ನಿಮಿಷ. ಬಡಗಿ ಕಿಟಕಿಯ ಚೌಕಟ್ಟಿನಲ್ಲಿ ಎಂದೋ ತಾವೇ ಹೊಡೆದ ಮೊಳೆಯನ್ನು ಪರೀಕ್ಷಿಸುತ್ತ ನಿಂತರು. ಹದಿನೆಂಟು ನಿಮಿಷ. ಬ್ಯಾಟರಿಯ ಒಳಗಿಂದ ಟಕ್ಕೆಂಬ ಸದ್ದು ಬಂತು. ಹಿಂದೆಂದೂ ಅದು ಹಾಗೆ ಸದ್ದು ಮಾಡಿರಲಿಲ್ಲ. ಮುಂದಿನ ಗಳಿಗೆಯಲ್ಲಿ ದೊಡ್ಡ ಸ್ವಿಚ್ಚಿನ ಮೇಲೆ ಒಂದು ಕೈ ಇತ್ತು. ಅದು ದರ್ಜಿಯದಾಗಿರಲಿಲ್ಲ. ಕಾವಕ್ಕನದು.

"ಅತ್ತೆ" ಎಂದಳು ಸೊಸೆ. ದನಿ ಎತ್ತರಿಸಲಿಲ್ಲ. "ಬ್ಯಾಟರಿಗೆ ಇದು ಇಪ್ಪತ್ತನೇ ದಿನ."

ಕೈ ಅಲ್ಲೇ ಇತ್ತು. ಬೆರಳುಗಳು ಸ್ವಿಚ್ಚಿನ ಹಿಡಿಯನ್ನು ಸುತ್ತಿದ್ದವು. ಆಮೇಲೆ ಅವರು ಒಂದೊಂದೇ ಬೆರಳು ಬಿಡಿಸಿ, ಕೈಯನ್ನು ಸೆರಗಿನಲ್ಲಿ ಸುತ್ತಿ, ಸ್ಟೂಲಿನ ಅರ್ಧ ಜಾಗಕ್ಕೆ ದರ್ಜಿಯನ್ನು ಸರಿಸಿ ಕುಳಿತರು.

"ನೀವೂ ಕೈ ತೊಡೆ ಕೆಳಗೆ ಇಟ್ಕೊಳ್ಳಿ ಅಕ್ಕ" ಎಂದ ದರ್ಜಿ. ಅಷ್ಟು ದಿನ ಹೊತ್ತಿದ್ದ ಭಾರ ಅವನಿಗೆ ಆಗ ಇಳಿದಿರಬೇಕು, ಬಹಳ ನಕ್ಕ. ಕಾವಕ್ಕನೂ ನಕ್ಕರು. ಅವರು ನಗುತ್ತಿರುವಾಗಲೇ, ಇಪ್ಪತ್ತಾರನೆಯ ನಿಮಿಷಕ್ಕೆ, ಹಸಿರು ದೀಪ ಹೊತ್ತಿತು.

ಫೋನು ನೋಡಿದ ಬಡಗಿಯ ಮುಖ ಮಾತ್ರ ಇಳಿಯಿತು. "ಹಾಕೋ ಮುಂಚೆ ನೂರಿತ್ತು. ಈಗ ಅರವತ್ತನಾಲ್ಕು ಅಂತಿದೆ. ಮೂವತ್ತಾರು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಮಾವ" ಎಂದಳು ಸೊಸೆ. "ಇರಲೇ ಇಲ್ಲ. ಇಷ್ಟು ದಿನ ಇದೆ ಅಂತ ಹೇಳ್ತಿತ್ತು, ಈಗ ಒಪ್ಕೊಂಡಿದೆ. ಇನ್ನು ತುಂಬಿದ್ರೆ ನಿಜವಾಗಿ ತುಂಬುತ್ತೆ."

ಮಂಗಳವಾರ ಅರ್ಧ ಬಿಸಿಲು, ಬುಧವಾರ ಬರೀ ಮೋಡ. ಬೀದಿಯ ಕರೆಂಟಿನಿಂದ ತುಂಬಿಸಿ ಬುಧವಾರ ಸಂಜೆಯ ಹೊತ್ತಿಗೆ ಸಂಖ್ಯೆ ನೂರಾಯಿತು. ಅದು ನಿಜವಾದ ನೂರೋ ಹಳೆಯ ಚಾಳಿಯ ನೂರೋ ತಿಳಿಯಲು ಗುರುವಾರವೇ ಬರಬೇಕಿತ್ತು.

ಗುರುವಾರ ಎಂಟಕ್ಕೆ ಸರಿಯಾಗಿ ಕರೆಂಟು ಹೋಯಿತು. ಆ ಕಚೇರಿಯವರು ಕರೆಂಟು ತೆಗೆಯುವುದರಲ್ಲಿ ಎಂದೂ ತಡ ಮಾಡಿದವರಲ್ಲ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಬ್ಯಾಟರಿಯನ್ನು ಪೆಟ್ಟಿಗೆಯೊಂದಕ್ಕೇ ಬಿಟ್ಟರು. ಹನ್ನೆರಡಕ್ಕೆ ಅರವತ್ತೆಂಟು. ಹಾಲಿನವಳು ಮಧ್ಯಾಹ್ನದ ಹಾಲು ಹಾಕಿ ಬಂದು, ಖಾಲಿ ಕ್ಯಾನು ಬಾಗಿಲಲ್ಲಿಟ್ಟು ಒಳಗೆ ಕುಳಿತಳು. ಎರಡೂವರೆಗೆ ಸಂಖ್ಯೆ ಐವತ್ತರ ಕೆಳಗಿಳಿದಾಗ ಬಡಗಿ ಸದ್ದಿಲ್ಲದೆ ಒಲೆಯ ಮೇಲೆ ನೀರಿಟ್ಟರು. ಕಾವಕ್ಕ ನೋಡಿದರು, ಬೇಡವೆನ್ನಲಿಲ್ಲ. ಮೂರೂ ಮುಕ್ಕಾಲರ ಹೊತ್ತಿಗೆ ಹನ್ನೆರಡು ಬಾಟಲಿ ಬಿಸಿನೀರು ಟವಲು ಸುತ್ತಿಕೊಂಡು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ಸಂಖ್ಯೆ ನಲವತ್ತೊಂದಕ್ಕೆ ಬಂದಿತ್ತು.

"ನಲವತ್ತು" ಎಂದಳು ಸೊಸೆ, ಅಂಗಡಿಯಿಂದ ಬೇಗ ಬಂದವಳು. ಎಲ್ಲರೂ ಪೆಟ್ಟಿಗೆಯ ಕಿಂಡಿಯೊಳಗೆ, ಕಾವು ನಡೆಯುತ್ತಿದೆಯೆಂದು ಸೂಚಿಸುವ ಸಣ್ಣ ಕೆಂಪು ದೀಪವನ್ನೇ ನೋಡುತ್ತಿದ್ದರು. ಅದು ಆರಿದರೆ ಆಯಿತು.

"ಮೂವತ್ತೊಂಬತ್ತು."

"ಮಿಷಿನ್ನು ಉಸಿರಾಡ್ತಿದೆಯಾ?" ಎಂದಳು ಹಾಲಿನವಳು.

"ಶ್" ಎಂದರು ಕಾವಕ್ಕ. ಅವರು ಪೆಟ್ಟಿಗೆಯ ಹಲಗೆಗೆ ಕಿವಿ ಹಚ್ಚಿದ್ದರು. ಹಾಲಿನವಳನ್ನೂ ಹತ್ತಿರ ಎಳೆದು ಅವಳ ಕಿವಿಯನ್ನೂ ಹಲಗೆಗೆ ಒತ್ತಿದರು. ಒಳಗೆ, ಇನ್ನೂ ಬಿರಿಯದ ಚಿಪ್ಪುಗಳ ಒಳಗೆ, ತೀರ ಸಣ್ಣಗೆ ಚಿಲಿಪಿಲಿ ಶುರುವಾಗಿತ್ತು. ಹಾಲಿನವಳು ಆಗ ಅತ್ತಳು.

ಐದು ಗಂಟೆಗೆ ಮೂವತ್ತು. ಕರೆಂಟು ಬರಲಿಲ್ಲ. ಬೀದಿಯಲ್ಲಿ ಅಗೆದವರು ಇನ್ನೂ ಅಗೆಯುತ್ತಲೇ ಇದ್ದರು. ಆರಕ್ಕೆ ಇಪ್ಪತ್ತೊಂದು. ಬಾಟಲಿಗಳು ಆರಿದವು, ಬಡಗಿ ಮತ್ತೆ ಕಾಯಿಸಿ ತುಂಬಿದರು, ಅವೂ ಆರಿದವು. ಆರೂ ನಲವತ್ತಕ್ಕೆ ಬೀದಿದೀಪ ಹತ್ತಿದಾಗ ಸಂಖ್ಯೆ ಹದಿನಾಲ್ಕು ಇತ್ತು. ಹತ್ತು ಗಂಟೆ ನಲವತ್ತು ನಿಮಿಷ ಪೆಟ್ಟಿಗೆಯ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ. ಬಾಟಲಿಗಳ ಉಗುರುಬೆಚ್ಚಗಿನ ನೀರಿನಲ್ಲಿ ಎಲ್ಲರೂ ಸಾಲಾಗಿ ಮುಖ ತೊಳೆದರು.

ಶನಿವಾರ ಹಾಲಿನವಳು ಬುಟ್ಟಿ ತಂದಳು. ಅರವತ್ತೆಂಟರಲ್ಲಿ ಅರವತ್ತೊಂದು ಮರಿಗಳು, ಎಲ್ಲವೂ ಬೋಳು ಕತ್ತಿನವು, ಎಲ್ಲವೂ ಏನೋ ತಕರಾರು ಹೇಳುವಂಥವು. "ಏಳು?" ಎಂದು ಅವಳು ಕೇಳಲಿಲ್ಲ. ಕಾವಕ್ಕನೇ ಹೇಳಿದರು: "ಏಳು ಬರಲಿಲ್ಲ. ಅದು ಬ್ಯಾಟರಿ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಪ್ರತಿ ಸಲ ಅಷ್ಟು ಹೋಗುತ್ತೆ."

ಆ ವಾರವೇ ಬೀದಿಯ ಉಳಿದ ಮನೆಯವರು ಬಂದರು. ಅಪ್‌ಡೇಟ್ ಹಾಕಬೇಕೋ ಬೇಡವೋ ಎಂದು ಕೇಳಿದವರಿಗೆ ಕಾವಕ್ಕ ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಏನು ಸರಿಯಾಗುತ್ತದೆಂದು ಅದರಲ್ಲಿ ಬರೆದಿದೆ, ಓದಿದ್ದೀರಾ? ನಿಮ್ಮಲ್ಲಿ ಆ ತೊಂದರೆ ಇದೆಯೇ? ಕೆಟ್ಟರೆ ಎರಡು ದಿನ ತಡೆದುಕೊಳ್ಳುವ ಏರ್ಪಾಡಿದೆಯೇ? ಈ ಮೂರನ್ನು ಕೇಳಿ ಕಳಿಸುತ್ತಿದ್ದರು. ಕೆಂಪು ದೀಪದ ವಿಷಯ ಹೇಳುವ ಕೆಲಸವನ್ನು ದರ್ಜಿಗೆ ಒಪ್ಪಿಸಿದರು. ತನ್ನ ಕಥೆಯ ನಿಜವಾದ ರೂಪವನ್ನು ಹೇಳುವುದರಲ್ಲಿ ಅವನು ಕ್ರಮೇಣ ಸುಳ್ಳಿಗಿಂತ ಹೆಚ್ಚು ರುಚಿ ಕಂಡುಕೊಂಡ.

ಕಾವಕ್ಕ ಇನ್ನೂ ಎಂಟು ವರ್ಷ ಬದುಕಿದ್ದರು. ಆ ಎಂಟು ವರ್ಷಗಳಲ್ಲಿ ಬ್ಯಾಟರಿಗೆ ಒಂಬತ್ತು ಅಪ್‌ಡೇಟ್ ಬಂದವು. ಏಳನ್ನು ಹಾಕಿಸಿದರು, ಎರಡನ್ನು ಓದಿ, ನಮಗೆ ಸಂಬಂಧವಿಲ್ಲವೆಂದು ಬಿಟ್ಟರು. ಬಿಟ್ಟ ಎರಡರಿಂದ ಕೆಡುಕೇನೂ ಆಗಲಿಲ್ಲ. ಪ್ರತಿ ಬಾರಿಯೂ ಸ್ವಿಚ್ಚಿನ ಪಕ್ಕ ಸೊಸೆಯನ್ನು ನಿಲ್ಲಿಸುತ್ತಿದ್ದರು, ತಾವು ದೂರ ಕೂರುತ್ತಿದ್ದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಮೊಟ್ಟೆ ಹೊರಳಿಸಿ ಬಂದು ಊಟ ಮಾಡಿ ಮಲಗಿದವರು ಏಳಲಿಲ್ಲ. ಮುಖದಲ್ಲಿ ನೋವಿನ ಗುರುತಿರಲಿಲ್ಲವೆಂದು ನೋಡಿದವರೆಲ್ಲ ಹೇಳಿದರು.

ಅವರು ಬಿಟ್ಟುಹೋದದ್ದು:

ಗಂಡ, ಮಗ, ಸೊಸೆ, ಮತ್ತು ಅಜ್ಜಿಯ ಮೂಗನ್ನೇ ಪಡೆದು ಬಂದ ಐದು ವರ್ಷದ ಮೊಮ್ಮಗಳು.

ನಾಲ್ಕು ಸೀರೆ, ಅವುಗಳ ಮೇಲೆ ತೊಡುತ್ತಿದ್ದ ಒಂದೇ ಬೂದು ಸ್ವೆಟರು, ಮೊಣಕೈಗೆ ತೇಪೆ ಹಾಕಿದ್ದು.

ಹನ್ನೆರಡು ವರ್ಷ ತುಂಬಿದ ಒಂದು ಬ್ಯಾಟರಿ. ಈಗ ನೂರಕ್ಕೆ ಎಪ್ಪತ್ತೆಂಟರಷ್ಟೇ ಹಿಡಿಸುತ್ತದೆ, ಅದನ್ನು ಅದೇ ಹೇಳುತ್ತದೆ.

ಸೊಸೆಯ ಫೋನಿನಲ್ಲಿ ಹಿಂದಿನ ಸಂಜೆ ಬಂದಿದ್ದ ಹೊಸ ಸೂಚನೆ, ಇಬ್ಬರೂ ಕೂತು ಅರ್ಧ ಓದಿದ್ದು. ಉಳಿದರ್ಧವನ್ನು ಸೊಸೆ ಹದಿನೈದು ದಿನ ಬಿಟ್ಟು ಓದಿದಳು.

ಪೆಟ್ಟಿಗೆಯಲ್ಲಿ ಹನ್ನೊಂದನೆಯ ದಿನದ ನೂರ ತೊಂಬತ್ತೆರಡು ಮೊಟ್ಟೆಗಳು, ಐದು ಮನೆಯವರವು; ಬುಟ್ಟಿ ತರಬೇಕಾದ ದಿನವನ್ನು ಅವರಿಗೆ ಹೇಳಿಯಾಗಿತ್ತು. ಅಂದು ಸಂಜೆಯ ಸರದಿಯಲ್ಲಿ ಅವುಗಳನ್ನು ಬಡಗಿ ಹೊರಳಿಸಿದರು.